ಮಗಳ ಬೆಳಗಿನ ಸೀನು ನಿಲ್ಲುತ್ತಿಲ್ಲ: ಡಸ್ಟ್ ಮೈಟ್‌ಗೆ ಏನು ಮಾಡಬೇಕು?

ಹೊಂಗೆನೆರಳು, ವಿಜಯನಗರ:
ನಮಸ್ಕಾರ. ಮಗಳಿಗೆ ಒಂಬತ್ತು ವರ್ಷ. ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಹತ್ತು ಹನ್ನೆರಡು ಸೀನು, ಸೋರುವ ಮೂಗು, ಕಣ್ಣುರಿ. ಶಾಲೆಗೆ ಹೋದ ಮೇಲೆ ಚೆನ್ನಾಗಿಯೇ ಇರುತ್ತಾಳೆ. ಚರ್ಮಕ್ಕೆ ಚುಚ್ಚಿ ಮಾಡುವ ಅಲರ್ಜಿ ಪರೀಕ್ಷೆಯಲ್ಲಿ ಡಸ್ಟ್ ಮೈಟ್, ಅಂದರೆ ಧೂಳಿನ ನುಸಿ ಎಂದು ಬಂತು. ಅಂದಿನಿಂದ ದಿನಕ್ಕೆ ಎರಡು ಬಾರಿ ಗುಡಿಸುತ್ತೇನೆ, ಏರ್ ಪ್ಯೂರಿಫೈಯರ್ ತಂದೆ, ಕೀಟನಾಶಕವನ್ನೂ ಸಿಂಪಡಿಸಿದೆ. ಜೂನ್‌ನಿಂದ ಇನ್ನೂ ಹೆಚ್ಚಾಗಿದೆ. ನಮ್ಮದು ನೆಲಮಹಡಿಯ ಬಾಡಿಗೆ ಮನೆ. ಪಕ್ಕದ ಕಟ್ಟಡ ಅಂಟಿಕೊಂಡಿದೆ, ಮಲಗುವ ಕೋಣೆಗೆ ಬಿಸಿಲಿಲ್ಲ. ಹಳೆಯ ಹತ್ತಿ ಹಾಸಿಗೆ, ಹೊದೆಯಲು ಗದಗದಿಂದ ನಮ್ಮಜ್ಜಿ ಹೊಲಿದು ಕಳಿಸಿದ ಕೌದಿ. ಎಲ್ಲಿ ತಪ್ಪುತ್ತಿದ್ದೇನೆ?

ಬೇವಿನಕಟ್ಟೆ, ಜಯನಗರ:
ನಿಮ್ಮ ಶ್ರಮವೆಲ್ಲ ನೆಲಕ್ಕೆ ಹೋಗುತ್ತಿದೆ, ನುಸಿ ಇರುವುದು ಹಾಸಿಗೆಯಲ್ಲಿ. ನಮ್ಮ ಮನೆಯಲ್ಲಿಯೂ ಇದು ತಿಳಿಯಲು ಎರಡು ಮಳೆಗಾಲ ಬೇಕಾಯಿತು.

ಇದು ತೆಂಗಿನಕಾಯಿಗೆ ಬೀಳುವ ನುಸಿಯ ದೂರದ ನೆಂಟ. ಉದ್ದ ಸುಮಾರು 0.3 ಮಿಲಿಮೀಟರ್. ಕಚ್ಚುವುದಿಲ್ಲ, ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟನ್ನು ತಿನ್ನುತ್ತದೆ. ಅಲರ್ಜಿ ತರುವುದು ಮುಖ್ಯವಾಗಿ ಅದರ ಹಿಕ್ಕೆಯಲ್ಲಿರುವ ಪ್ರೋಟೀನು. ನುಸಿ ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರಿಕೊಳ್ಳುತ್ತದೆ. ತೇವಾಂಶ ಬಹುಕಾಲ ಶೇ. 50ಕ್ಕಿಂತ ಕೆಳಗಿದ್ದರೆ ಒಣಗಿ ಸಾಯುತ್ತದೆ. ಮಳೆಗಾಲದ ಬೆಂಗಳೂರಿನಲ್ಲಿ ತೇವಾಂಶ ಅದಕ್ಕಿಂತ ಬಹಳ ಮೇಲಿರುತ್ತದೆ, ಹಾಗಾಗಿಯೇ ನಿಮಗೆ ಜೂನ್‌ನಿಂದ ಹೆಚ್ಚಾದದ್ದು.

ಪ್ಯೂರಿಫೈಯರ್ ಹೊಗೆಯಂತೆ ತೇಲುವ ಕಣಗಳಿಗೆ ಒಳ್ಳೆಯದು. ಹಿಕ್ಕೆಯ ಕಣ ಭಾರ, ಬೇಗ ಕೆಳಗಿಳಿದುಬಿಡುತ್ತದೆ. ಮಗು ದಿಂಬಿನ ಮೇಲೆ ಮಗ್ಗುಲು ಬದಲಿಸಿದಾಗ ಏಳುವುದು ಅವಳ ಮೂಗಿನ ಬಳಿಯೇ. ಅಲ್ಲಿಗೆ ಯಂತ್ರ ತಲುಪುವುದಿಲ್ಲ. ಕೀಟನಾಶಕವನ್ನು ದಯವಿಟ್ಟು ನಿಲ್ಲಿಸಿ, ಸೀನುವ ಮಗುವಿಗೆ ಅದೂ ಒಂದು ಕಾಟ.

ಮೊದಲು ದಿಂಬನ್ನು ಬದಲಿಸಿ. ಹಾಸಿಗೆಗೂ ಹೊಸ ದಿಂಬಿಗೂ ಒತ್ತು ನೇಯ್ಗೆಯ, ಜಿಪ್ ಇರುವ, ಆರೂ ಬದಿ ಮುಚ್ಚುವ ಕವಚ ಹಾಕಿ. ಮೇಲ್ಭಾಗಕ್ಕೆ ಮಾತ್ರ ಹೊದಿಸುವ ಪ್ರೊಟೆಕ್ಟರ್ ಸಾಲದು. ಚಾದರ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ನೀರಿನಲ್ಲಿ ಒಗೆಯಿರಿ. ಒಣ ಪೊರಕೆ ಬಿಟ್ಟು ಒದ್ದೆ ಬಟ್ಟೆಯಿಂದ ಒರೆಸಿ. ಇದರಲ್ಲಿ ಒಂದನ್ನು ಮಾತ್ರ ಮಾಡಿದರೆ ಫಲ ಸಿಗುವುದು ಕಷ್ಟ.

ಹೊಂಗೆನೆರಳು:
ನಮ್ಮ ವಾಷಿಂಗ್ ಮಷಿನ್ 40 ಡಿಗ್ರಿಯವರೆಗೆ ಮಾತ್ರ. ಕೌದಿ ಅದರಲ್ಲಿ ಹಿಡಿಸುವುದೂ ಇಲ್ಲ. ಅದನ್ನು ಬಿಸಾಡು ಎಂದು ಮಾತ್ರ ಹೇಳಬೇಡಿ.

ಬೇವಿನಕಟ್ಟೆ:
ಖಂಡಿತ ಬೇಡ. 40 ಡಿಗ್ರಿಯಲ್ಲಿ ಹಿಕ್ಕೆ ತೊಳೆದುಹೋಗುತ್ತದೆ, ನುಸಿ ಬದುಕಿಕೊಳ್ಳುತ್ತದೆ. ಆದ್ದರಿಂದ ಚಾದರಗಳನ್ನು ಬಕೆಟ್‌ನಲ್ಲಿ ಗೀಸರ್‌ನ ಬಿಸಿನೀರಿಗೆ ಹಾಕಿ ನೆನೆಸಿ, ಆಮೇಲೆ ಮಷಿನ್‌ಗೆ ಹಾಕಿ. ನೀರಿನ ಬಿಸಿಯನ್ನು ಅಡುಗೆಯ ಥರ್ಮಾಮೀಟರ್‌ನಿಂದ ನೋಡಿಕೊಳ್ಳಿ. ಮಗು ಹತ್ತಿರ ಸುಳಿಯದಿರಲಿ.

ಕೌದಿಯ ಪದರ ಪದರದಲ್ಲೂ ನುಸಿಗೆ ಜಾಗವಿದೆ, ಹಳೆಯ ಸೀರೆಗಳ ಬಣ್ಣವೂ ಬಿಡಬಹುದು. ಮಳೆಗಾಲದಲ್ಲಿ ಮಗಳಿಗೆ ತೊಳೆಯಲು ಸುಲಭವಾದ ತೆಳು ಹೊದಿಕೆ ಕೊಡಿ. ಒಳ್ಳೆಯ ಬಿಸಿಲು ಬಂದಾಗ ಕೌದಿಯನ್ನು ಒಗೆದು, ತಾರಸಿಯಲ್ಲಿ ಎರಡೂ ಮಗ್ಗುಲು ಕಾಯಿಸಿ, ಕೋಲಿನಿಂದ ಚೆನ್ನಾಗಿ ಬಡಿಯಿರಿ. ಬಡಿಯುವಾಗ ನೀವು ಮಾಸ್ಕ್ ಹಾಕಿಕೊಳ್ಳಿ, ಅವಳು ಕೆಳಗೇ ಇರಲಿ.

ಮಳೆಬಿಲ್ಲು, ಯಲಹಂಕ:
ಒಂದು ಮಾತು ಸೇರಿಸುತ್ತೇನೆ. ಕೋಣೆಯಲ್ಲೊಂದು ತೇವಾಂಶ ಮಾಪಕ ಇಡಿ, ದುಬಾರಿಯಲ್ಲ. ನಮ್ಮಲ್ಲಿ ಅದು 78 ತೋರಿಸಿತು. ನೋಡಿದರೆ ರಾತ್ರಿ ಒದ್ದೆ ಬಟ್ಟೆಗಳನ್ನು ಅದೇ ಕೋಣೆಯಲ್ಲಿ ಒಣಗಿಸುತ್ತಿದ್ದೆವು. ಮೆತ್ತನೆಯ ಗೊಂಬೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದೆರಡು ದಿನ ಫ್ರೀಜರ್‌ನಲ್ಲಿಡಿ, ಆಮೇಲೆ ತೊಳೆಯಿರಿ. ನುಸಿ ಸತ್ತರೂ ಹಿಕ್ಕೆ ಉಳಿದಿರುತ್ತದೆ, ಅದಕ್ಕೇ ತೊಳೆಯಬೇಕು. ರಾತ್ರಿ ಕೆಮ್ಮು, ಉಬ್ಬಸ ಕಂಡರೆ ಮಾತ್ರ ಮನೆಮದ್ದು ಮಾಡುತ್ತಾ ಕೂರದೆ ವೈದ್ಯರ ಬಳಿ ಹೋಗಿ.

ಹೊಂಗೆನೆರಳು:
ಆರು ವಾರ ಕಳೆದಿದೆ. ಈಗ ಎರಡೋ ಮೂರೋ ಸೀನು, ಕೆಲವು ದಿನ ಅದೂ ಇಲ್ಲ. ವೈದ್ಯರು ಕೊಟ್ಟ ಮೂಗಿನ ಸ್ಪ್ರೇ ನಿಲ್ಲಿಸಿಲ್ಲ. ಇಬ್ಬರಿಗೂ ಮನಸಾರೆ ಕೃತಜ್ಞತೆ. ಮಗಳು ದಿನವೂ ಕೌದಿ ಯಾವಾಗ ಎಂದು ಕೇಳುತ್ತಾಳೆ. ತಾರಸಿಯ ಬೀಗದ ಕೈಯನ್ನು ಮನೆ ಮಾಲೀಕರ ಹತ್ತಿರ ಕೇಳಿಟ್ಟಿದ್ದೇನೆ, ಭಾನುವಾರ ಮೋಡವಿಲ್ಲದಿದ್ದರೆ ಅಂದೇ ಬಿಸಿಲಿಗೆ ಹಾಕುತ್ತೇನೆ.