ತುರ್ತು: ಗುಲಾಬಿ ‘ಕಟಿಂಗ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಮನೆಯಲ್ಲೇ ಗುಲಾಬಿ ಗಿಡ ಮಾಡಿಕೊಳ್ಳುವುದು ಹೇಗೆ ಅಂತ ಒಂದು ಪುಟ್ಟ ಕೈಪಿಡಿ ಅನುವಾದ ಮಾಡುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಮೂರು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಮೊದಲನೆಯದು ಕಟಿಂಗ್, ಅಂದರೆ ಹೊಸ ಗಿಡ ಬರಲೆಂದು ಕತ್ತರಿಸಿ ನೆಡುವ ಕೊಂಬೆ. ‘ಕಾಂಡದ ತುಂಡು’ ಅಂತ ಬರೆದಿದ್ದೆ. ಓದಿದರೆ ಕಸದ ಬುಟ್ಟಿಗೆ ಹೋಗುವ ವಸ್ತುವಿನ ಹಾಗಿದೆ. ಕರಡು ನೋಡಿದವರು ಎಲ್ಲ ಕಡೆ ‘ಕಸಿ’ ಅಂತ ತಿದ್ದಿ ಕಳಿಸಿದ್ದಾರೆ. ಎರಡನೆಯದು ರೂಟಿಂಗ್ ಹಾರ್ಮೋನ್. ಒಂದು ಅಧ್ಯಾಯದ ತಲೆಬರಹವೇ ‘ನೈಸರ್ಗಿಕ ಬೇರುಪ್ರಚೋದಕಗಳು’. ಅದರಡಿ ಜೇನುತುಪ್ಪ, ಚಕ್ಕೆಪುಡಿ, ಲೋಳೆಸರ, ಆಲೂಗಡ್ಡೆ ಬರುತ್ತವೆ. ಮೂರನೆಯದು ಕ್ಯಾಲಸ್. ಬೇರು ಬರುವ ಮೊದಲು ಕತ್ತರಿಸಿದ ಜಾಗ ಬಿಳಿಚಿಕೊಂಡು ಉಬ್ಬುತ್ತದಲ್ಲ, ಅದು. ಎಲೆ ಹುಟ್ಟುವ ಜಾಗ, ನೋಡ್ ಅನ್ನುವುದಕ್ಕೆ ‘ಗೆಣ್ಣು’ ಹಾಕಿದ್ದೇನೆ, ಸರಿ ತಾನೇ?

ಚಿತ್ರದ ಅಡಿಬರಹಕ್ಕೂ ಇವೇ ಪದ ಬೇಕು. ಚಿಕ್ಕದಿದ್ದರೆ ಒಳ್ಳೆಯದು.

ಮರು: ಗುಲಾಬಿ ‘ಕಟಿಂಗ್’

ಕಸಿ ಅಲ್ಲವೇ ಅಲ್ಲ. ಕಸಿಗೆ ಎರಡು ಗಿಡ ಬೇಕು, ಇಲ್ಲಿರುವುದು ಒಂದೇ. ತಿದ್ದಿದವರಿಗೆ ಹೇಳಿ. ಕಡ್ಡಿ ಅನ್ನಿ, ಮುಗೀತು. ಗೆಣ್ಣು ಸರಿ.

ಮರು: ಗುಲಾಬಿ ‘ಕಟಿಂಗ್’

‘ಬೇರುಪ್ರಚೋದಕ’ ನೋಡಿ ತಲೆ ಕೆಟ್ಟಿತು. ಅಪ್ಪಟ ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಅಂಟಿಸಿದ್ದು. ಅದೂ ಹೋಗಲಿ, ಪ್ರಚೋದನೆ ಕೊಡುವುದು ಗಲಭೆಗೆ, ಬೇರಿಗಲ್ಲ. ಬೇರನ್ನು ಬರಿಸುತ್ತೇವೆ. ‘ಬೇರುಬರಿಕ’ ಅನ್ನಿ.

ಇನ್ನು ಕಟಿಂಗ್. ಬರೀ ಕಡ್ಡಿ ಸಾಲದು. ಬೆಂಕಿಪೊಟ್ಟಣದಲ್ಲಿರುವುದೂ ಕಡ್ಡಿ, ಪೊರಕೆಯಲ್ಲಿರುವುದೂ ಕಡ್ಡಿ. ನಮ್ಮಲ್ಲಿ ‘ಊರು’ ಅನ್ನುವ ಧಾತು ಇದೆ, ನೆಲಕ್ಕೆ ಒತ್ತಿ ನಿಲ್ಲಿಸುವುದು. ಕಾಲೂರು, ಬೇರೂರು, ಊರುಗೋಲು ಎಲ್ಲ ಅದರ ಮಕ್ಕಳೇ. ಊರುವ ಕೋಲು ಊರುಗೋಲಾದರೆ ಊರುವ ಕಡ್ಡಿ ಊರುಗಡ್ಡಿ. ಕಕಾರಕ್ಕೆ ಗಕಾರ ತಾನಾಗಿ ಬರುತ್ತದೆ, ಯಾರೂ ಕರೆಯಬೇಕಿಲ್ಲ. ‘ಬೇರೂರು’ ಅನ್ನುವ ಒಂದೇ ಪದದೊಳಗೆ ಬೇರೂ ಇದೆ, ಊರುವುದೂ ಇದೆ. ಇಂಥ ಧಾತು ಮನೆಯಲ್ಲಿಟ್ಟುಕೊಂಡು ಪಕ್ಕದ ಮನೆಗೆ ಸಾಲಕ್ಕೆ ಹೋಗುವುದೇಕೆ? ಈ ಮಾತನ್ನು ಹಿಂದೆ ಎರಡು ಸಲ ಇಲ್ಲೇ ಬರೆದಿದ್ದೇನೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮರು: ಗುಲಾಬಿ ‘ಕಟಿಂಗ್’

> ಊರುವ ಕಡ್ಡಿ ಊರುಗಡ್ಡಿ

ಸಾರ್, ಆ ಕೈಪಿಡಿಯಲ್ಲಿ ಆಲೂಗಡ್ಡೆ ಬೇರೆ ಇದೆ. ಓದಿದವರು ಊರುಗಡ್ಡಿಯೂ ಒಂದು ಗಡ್ಡೆ ಅಂದುಕೊಂಡು ಸಿಪ್ಪೆ ಸುಲಿಯಲು ಕೂರುತ್ತಾರೆ.

ಸುಮ್ನೆ ಕಟಿಂಗ್ ಅಂತ ಬಿಡಿ. ಗಿಡ ಮಾರುವವರೂ ಕೊಳ್ಳುವವರೂ ಹೇಳುವುದು ಅದನ್ನೇ. ಬೇಡ ಅಂದರೆ ಕಲಮು ಇದೆ. ಹಿಂದಿಯಲ್ಲಿ ಕಲಮ್ ಅಂದರೆ ಲೇಖನಿಯೂ ಹೌದು, ನೆಡುವ ಕಡ್ಡಿಯೂ ಹೌದು. ಪದ ಬಂದದ್ದು ಅರಬ್ಬಿಯಿಂದ, ಅದರ ಹಿಂದೆ ಗ್ರೀಕಿನ ಕಲಮೊಸ್, ಅಂದರೆ ಜೊಂಡು. ಜೊಂಡಿನ ತುದಿಯನ್ನು ಓರೆಯಾಗಿ ಕೊಯ್ದರೆ ಬರೆಯುವ ಲೇಖನಿ. ಗುಲಾಬಿ ಕಡ್ಡಿಯ ಕೆಳತುದಿಯನ್ನು ಕೊಯ್ಯುವುದೂ ಹಾಗೇ ಓರೆಯಾಗಿ. ಎಷ್ಟು ಚೆನ್ನಾಗಿ ಕೂತಿದೆ ನೋಡಿ.

ಮರು: ಗುಲಾಬಿ ‘ಕಟಿಂಗ್’

ಕಟಿಂಗ್ ಅಂದರೆ ನನಗೆ ಕ್ಷೌರ. ಕಲಮು ಅಂದರೆ ಕಾನೂನಿನ ಪುಸ್ತಕದ ವಿಧಿ. ಎರಡೂ ಬೇಡ.

ಮರು: ಗುಲಾಬಿ ‘ಕಟಿಂಗ್’

ಪದ ಆಮೇಲೆ ನೋಡೋಣ. ಮೇಡಂ, ನಿಮ್ಮ ತಲೆಬರಹದಲ್ಲಿ ಅರಿಸಮಾಸಕ್ಕಿಂತ ದೊಡ್ಡ ತಪ್ಪಿದೆ. ಮೂಲದಲ್ಲೇ ಇರಬೇಕು.

ಜೇನುತುಪ್ಪ ಬೇರು ಬರಿಸುವುದಿಲ್ಲ. ಚಕ್ಕೆಪುಡಿಯೂ ಬರಿಸುವುದಿಲ್ಲ. ಜೇನು ಸೂಕ್ಷ್ಮಜೀವಿಗಳನ್ನು ತಡೆಯುತ್ತದೆ, ಚಕ್ಕೆ ಬೂಷ್ಟು ತಡೆಯುತ್ತದೆ. ಎರಡರ ಕೆಲಸವೂ ಕಡ್ಡಿ ಕೊಳೆಯದಂತೆ ನೋಡಿಕೊಳ್ಳುವುದು, ಅಷ್ಟೇ. ಲೋಳೆಸರದ ಲೋಳೆ ಕತ್ತರಿಸಿದ ಜಾಗ ಬೇಗ ಒಣಗಲು ಬಿಡುವುದಿಲ್ಲ. ಆಲೂಗಡ್ಡೆ ಕೊಡುವುದು ತೇವ ಮಾತ್ರ. ನಾನೂ ಒಂದು ಸಲ ಅದರಲ್ಲಿ ಕಡ್ಡಿ ಚುಚ್ಚಿ ಹೂತಿದ್ದೆ. ಕಡ್ಡಿ ಕಪ್ಪಗಾಗಿ ಕೊಳೆಯಿತು, ಆಲೂಗಡ್ಡೆ ಸೊಗಸಾಗಿ ಚಿಗುರಿತು.

ಬೇರು ಬರಿಸುವುದು ಆಕ್ಸಿನ್ ಅನ್ನುವ ಹಾರ್ಮೋನ್. ‘ಬೆಳೆಯುವುದು’ ಅನ್ನುವ ಗ್ರೀಕ್ ಕ್ರಿಯಾಪದದಿಂದ ಬಂದ ಹೆಸರು. ಅದು ಕಡ್ಡಿಯೊಳಗೇ ಇದೆ. ಚಿಗುರು, ಎಳೆ ಎಲೆಗಳಲ್ಲಿ ಹುಟ್ಟಿ ಕೆಳಗಿಳಿದು ಬುಡದಲ್ಲಿ ಸೇರಿಕೊಳ್ಳುತ್ತದೆ. ಅದಕ್ಕೇ ಕಡ್ಡಿಯನ್ನು ತಲೆಕೆಳಗಾಗಿ ನೆಡಬಾರದು ಅನ್ನುವುದು. ಅಂಗಡಿಯ ಪುಡಿಯಲ್ಲಿ ಇರುವುದೂ ಇದೇ ಜಾತಿಯ ವಸ್ತು, ಹೆಚ್ಚಾಗಿ ಇಂಡೋಲ್ ಬ್ಯುಟಿರಿಕ್ ಆಮ್ಲ. ಹಾಗಾಗಿ ಜೇನುತುಪ್ಪವನ್ನು ‘ಬೇರುಬರಿಕ’ ಅಂದರೆ ಪದ ಅಚ್ಚಗನ್ನಡ, ಅರ್ಥ ಸುಳ್ಳು.

ಕ್ಯಾಲಸ್‌ಗೆ ‘ಜಡ್ಡು’ ಅನ್ನಿ. ದುಡಿದ ಅಂಗೈ ಜಡ್ಡುಗಟ್ಟುತ್ತದಲ್ಲ, ಲ್ಯಾಟಿನ್ ಪದದ ಮೂಲ ಅರ್ಥವೂ ಅದೇ, ಗಟ್ಟಿಯಾದ ಚರ್ಮ.

ಇನ್ನೊಂದು. ನಿಮ್ಮ ಮೂಲದಲ್ಲಿ ‘ಚಿಗುರಿದರೆ ಬೇರು ಬಂದಂತೆ’ ಅಂತ ಇದ್ದರೆ ದಯವಿಟ್ಟು ತಿದ್ದಿ. ಕಡ್ಡಿ ತನ್ನೊಳಗೆ ಕೂಡಿಟ್ಟ ಆಹಾರ ಖರ್ಚು ಮಾಡಿ ಮೊದಲು ಚಿಗುರುತ್ತದೆ. ನಾವು ಖುಷಿಯಿಂದ ಕಿತ್ತು ನೋಡುತ್ತೇವೆ, ಕೆಳಗೆ ಬರೀ ಜಡ್ಡು. ಬೇರಿಗೆ 4ರಿಂದ 8 ವಾರ ಬೇಕು. ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಮೇಲಕ್ಕೆಳೆದರೆ ಮಣ್ಣು ವಾಪಸ್ ಎಳೆದ ಹಾಗೆ ಅನ್ನಿಸಬೇಕು. ಅದು ಬೇರು.

ಮರು: ಗುಲಾಬಿ ‘ಕಟಿಂಗ್’

ಜಡ್ಡು ಒಪ್ಪಿದೆ. ಉಳಿದದ್ದು ಸಸ್ಯಶಾಸ್ತ್ರ, ಇಲ್ಲಿ ಪದಚರ್ಚೆ ನಡೆಯುತ್ತಿದೆ. ಆಕ್ಸಿನ್, ಕಲಮು, ಕಟಿಂಗ್ ಅಂತ ಬಂದದ್ದನ್ನೆಲ್ಲ ಒಳಗೆ ಬಿಟ್ಟುಕೊಂಡರೆ ಕನ್ನಡಕ್ಕೆ ಕೂರಲು ಜಾಗ ಎಲ್ಲಿ?

ಮರು: ಗುಲಾಬಿ ‘ಕಟಿಂಗ್’

ಹಾಗಾದರೆ ‘ಗುಲಾಬಿ’ಯನ್ನೂ ಹೊರಗೆ ಹಾಕಿ ಸಾರ್. ಪಾರಸಿಯಲ್ಲಿ ಗುಲ್ ಅಂದರೆ ಹೂವು, ಆಬ್ ಅಂದರೆ ನೀರು. ಗುಲಾಬ್ ಅಂದರೆ ಅಲ್ಲಿ ಪನ್ನೀರು. ನಾವು ನೀರಿನ ಹೆಸರನ್ನು ಹೂವಿಗಿಟ್ಟು ಆರಾಮಾಗಿದ್ದೇವೆ. ಎರವಲು ತಂದದ್ದಷ್ಟೇ ಅಲ್ಲ, ತಪ್ಪಾಗಿ ತಂದೆವು. ಆದರೂ ಹೂವು ಬಾಡಲಿಲ್ಲ, ಅಲ್ವಾ?

ಮರು: ಗುಲಾಬಿ ‘ಕಟಿಂಗ್’

ಗುಲಾಬಿ ಕನ್ನಡದ ಬಾಯಲ್ಲಿ ಪಳಗಿದ ಪದ. ಕೊನೆಯಲ್ಲಿ ಇಕಾರ ತೊಟ್ಟು ಬಂದಿದೆ. ಕಟಿಂಗ್ ಇನ್ನೂ ಚಪ್ಪಲಿ ಬಿಟ್ಟಿಲ್ಲ.

ಮರು: ಗುಲಾಬಿ ‘ಕಟಿಂಗ್’

ಎಲ್ಲರಿಗೂ ಥ್ಯಾಂಕ್ಸ್. ಚರ್ಚೆ ಮುಗಿಯುವ ಹಾಗೆ ಕಾಣುವುದಿಲ್ಲ, ಅಚ್ಚಿನವರು ಕಾಯುವುದಿಲ್ಲ.

ಮೊದಲ ಸಲ ‘ನೆಡುವ ಕಡ್ಡಿ’, ಆಮೇಲೆ ಬರೀ ‘ಕಡ್ಡಿ’. ಗುಲಾಬಿ ಪುಸ್ತಕದಲ್ಲಿ ಬೆಂಕಿಕಡ್ಡಿ ಯಾರಿಗೂ ನೆನಪಾಗದು. ಕ್ಯಾಲಸ್ ‘ಜಡ್ಡು’. ಅಂಗಡಿಯದ್ದು ‘ಬೇರು ಬರಿಸುವ ಪುಡಿ’, ಸಮಾಸವೇ ಇಲ್ಲ. ಚಿಗುರಿನ ವಿಷಯ ಮೂಲದಲ್ಲಿ ನಿಜಕ್ಕೂ ತಪ್ಪಿತ್ತು, ಬರೆದವರ ಒಪ್ಪಿಗೆ ಕೇಳಿ ತಿದ್ದಿದೆ. ಚಿತ್ರದ ಅಡಿಬರಹ: ‘ಪೆನ್ಸಿಲ್ ದಪ್ಪದ ಕಡ್ಡಿ. ಮೇಲೆ ನೇರ, ಕೆಳಗೆ ಗೆಣ್ಣಿನ ಬುಡದಲ್ಲಿ ಓರೆ. ಒಂದೆರಡು ಗೆಣ್ಣು ಮಣ್ಣಿನೊಳಗಿರಲಿ.’

ಅಧ್ಯಾಯದ ತಲೆಬರಹ ಬದಲಾಯಿಸಿದ್ದೇನೆ: ‘ಕಡ್ಡಿ ಕೊಳೆಯದಂತೆ, ಒಣಗದಂತೆ ಕಾಯುವ ಮನೆವಸ್ತುಗಳು’.

ಮರು: ಗುಲಾಬಿ ‘ಕಟಿಂಗ್’

‘ಮನೆವಸ್ತು’ ಕೂಡ ಅರಿಸಮಾಸ.