ಸಹಾಯ ಬೇಕು: ಪೈಲಟ್ ತಮ್ಮನಿಗೆ ಕಾರ್ಗೋ ಒಳ್ಳೆಯದಾ, ಚಾರ್ಟರ್ ಒಳ್ಳೆಯದಾ?

ನಮಸ್ಕಾರ. ನಮ್ಮದು ಸಕಲೇಶಪುರದ ಹತ್ತಿರ. ತಮ್ಮ 200 ಗಂಟೆ ಹಾರಾಟ ಮುಗಿಸಿ ಸಿಪಿಎಲ್ (ವಾಣಿಜ್ಯ ಪೈಲಟ್ ಲೈಸೆನ್ಸ್) ತೆಗೆದುಕೊಂಡಿದ್ದಾನೆ. ಈಗ ಎರಡು ಕಡೆಯಿಂದ ಕೆಲಸಕ್ಕೆ ಕರೆ ಬಂದಿದೆ. ಒಂದು ಸರಕು ಸಾಗಿಸುವ ಕಾರ್ಗೋ ಕಂಪನಿ. ಎಟಿಆರ್ 72 ವಿಮಾನ, ಹೆಚ್ಚಾಗಿ ರಾತ್ರಿ ಹಾರಾಟ. ಟೈಪ್ ರೇಟಿಂಗ್ (ಆ ಮಾದರಿಯ ವಿಮಾನ ಹಾರಿಸುವ ಅರ್ಹತೆ) ಅವರೇ ಕೊಡಿಸುತ್ತಾರೆ, ಆದರೆ ಮೂರು ವರ್ಷದ ಬಾಂಡ್. ಇನ್ನೊಂದು ಬಾಡಿಗೆಗೆ ವಿಮಾನ ಹಾರಿಸುವ ಸಣ್ಣ ಚಾರ್ಟರ್ ಕಂಪನಿ, ಒಂದು ವರ್ಷದ ಗುತ್ತಿಗೆ. ಸಂಬಳ ಜಾಸ್ತಿ. ತಿಂಗಳಿಗೆ ಎಷ್ಟು ಗಂಟೆ ಹಾರಾಟ ಸಿಗುತ್ತದೆ ಅಂತ ಮಾತ್ರ ಕಾಗದದಲ್ಲಿ ಎಲ್ಲೂ ಇಲ್ಲ. ಮುಂದೆ ಏರ್‌ಲೈನ್ ಕ್ಯಾಪ್ಟನ್ ಆಗಲು ಬೇಕಾದ ಲೈಸೆನ್ಸ್ ಆದ ಎಟಿಪಿಎಲ್‌ಗೆ 1500 ಗಂಟೆ ಬೇಕಲ್ವಾ, ಸುಮ್ನೆ ನೆಲದ ಮೇಲೆ ಕೂತರೆ ಹೇಗೆ?

ಅಪ್ಪ ಕಣದಲ್ಲಿ ಕಾಫಿ ಕೆದಕುತ್ತಾ, "ರಾತ್ರಿ ಲಾರಿ ಓಡಿಸಿದ ಹಾಗೇನಾ ಮಗಾ?" ಅಂದರು. ತೀರಾ ತಪ್ಪೇನಲ್ಲ!

ಬಾಂಡ್ ಮಧ್ಯದಲ್ಲಿ ಬಿಟ್ಟರೆ ಎಷ್ಟು ಕಟ್ಟಬೇಕಾಗುತ್ತದೆ? ಕಾರ್ಗೋದಿಂದ ಪ್ರಯಾಣಿಕರ ವಿಮಾನಕ್ಕೆ ಹೋಗುವುದು ಕಷ್ಟವಾ? ಈ ಲೈನಿನಲ್ಲಿ ಇರುವವರು ದಯವಿಟ್ಟು ಹೇಳಿ. ಭಾನುವಾರದೊಳಗೆ ಉತ್ತರ ಕೊಡಬೇಕು.