ಆಟೋಮ್ಯಾಟಿಕ್ ಪಿಕಪ್ಪು ಬಿಸಿ ಆದ್ಮೇಲೆ ಎಳೀತಿಲ್ಲ, ಗೇರ್‌ಬಾಕ್ಸ್ ಬಿಚ್ಚಿಸ್ಲಾ?

ಹೊಳಲ್ಕೆರೆ ತೋಟದವ:
ಎಲ್ರಿಗೂ ನಮಸ್ಕಾರ. ಸೆಕೆಂಡ್ ಹ್ಯಾಂಡ್ ಡಬಲ್ ಕ್ಯಾಬ್ ಪಿಕಪ್, ಡೀಸೆಲ್ ಆಟೋಮ್ಯಾಟಿಕ್, 1.3 ಲಕ್ಷ ಕಿ.ಮೀ. ಓಡೈತೆ. ಬೆಳಿಗ್ಗೆ ತಣ್ಣಗಿದ್ದಾಗ ಒಂದು ತಕರಾರಿಲ್ಲ. ಅಡಿಕೆ ಚೀಲ ಹಾಕ್ಕೊಂಡು ಭೀಮಸಮುದ್ರದ ಕಡೆ ಹೊರಟೆ ಅಂದ್ರೆ ಇಪ್ಪತ್ತು ಕಿಲೋಮೀಟ್ರಿಗೆ ಶುರು ಆಗ್ತದೆ, ದಿಬ್ಬ ಹತ್ತೋವಾಗ ಆರ್‌ಪಿಎಂ 3000 ದಾಟ್ತದೆ ಗಾಡಿ ಮಾತ್ರ ಮುಂದಕ್ಕೆ ಹೋಗಲ್ಲ, ನಿಲ್ಸಿ ಡಿಗೆ (ಡ್ರೈವ್, ಮುಂದಕ್ಕೆ ಹೋಗೋ ಗೇರಿಗೆ) ಹಾಕಿದ್ರೆ ಎರಡು ಮೂರು ಸೆಕೆಂಡ್ ಸುಮ್ನಿದ್ದು ಆಮೇಲೆ ಧಡ್ ಅಂತ ಹಿಡೀತದೆ. ಇಲ್ಲೊಬ್ಬ ಮೆಕ್ಯಾನಿಕ್ ನೋಡ್ದೆ ಕೇಳ್ದೆ ಬಾಕ್ಸ್ ಇಳಿಸ್ಬೇಕು, ಎರಡು ಲಕ್ಷದ ಮೇಲೆ ಆಗ್ತದೆ ಅಂದ. ಕೊಯ್ಲು ಟೈಮು, ಏನ್ ಮಾಡ್ಲಿ?

ಪಿಬಿ ರೋಡ್ ಡ್ರೈವರ್:
ಲೋಡಿಗೆ ಆಟೋಮ್ಯಾಟಿಕ್ ಯಾಕ್ ತಗಂಡ್ರಿ ಅಣ್ಣಾ, ಮ್ಯಾನ್ಯುಯಲ್ ಆಗಿದ್ರೆ ಕ್ಲಚ್ ಪ್ಲೇಟ್ ಹಾಕ್ಸಿ ಸಂಜೆಗೆ ಮನೆಗೆ ಬರ್ತಿದ್ರಿ.

ಹೊಳಲ್ಕೆರೆ ತೋಟದವ:
ಎಡ ಮಂಡಿ ಆಪರೇಷನ್ ಆಗೈತೆ ಮಾರಾಯ, ಕ್ಲಚ್ ತುಳಿಯಕ್ಕಾಗಲ್ಲ, ಅದಕ್ಕೇ.

ಗ್ರೀಸ್ ಕೈ, ದಾವಣಗೆರೆ:
ಈಗ್ಲೇ ಬಿಚ್ಚಿಸ್ಬೇಡ್ರಿ. ಮೊದ್ಲು ಎಟಿಎಫ್, ಅಂದ್ರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ ನೋಡ್ರಿ. ಒಳಗಿರೋ ಕ್ಲಚ್ ಪ್ಲೇಟ್‌ಗಳನ್ನ ಒತ್ತಿ ಹಿಡಿಯೋದು ಆಯಿಲ್ ಪ್ರೆಷರ್ರೇ, ಆಯಿಲ್ ಕಮ್ಮಿ ಆದ್ರೆ ಪಂಪ್ ಗಾಳಿ ಎಳೀತದೆ, ಬಿಸಿ ಆದಂಗೆ ತೆಳ್ಳಗಾಗಿ ನೊರೆ ಬರ್ತದೆ, ಪ್ರೆಷರ್ ಬೀಳ್ತದೆ, ಪ್ಲೇಟ್ ಜಾರ್ತವೆ. ಒಳಗಿನ ಸೀಲ್ ಸವೆದಿದ್ರೂ ಬಿಸಿಗೆ ಹಿಂಗೇ ಮಾಡ್ತದೆ, ಅದಕ್ಕೆ ಆಯಿಲ್ ನೋಡ್ದೆ ಹೇಳಕ್ಕಾಗಲ್ಲ. ಬಹಳ ಗಾಡೀಲಿ ಈಗ ಆಯಿಲ್ ಅಳೆಯೋ ಕಡ್ಡಿ, ಡಿಪ್‌ಸ್ಟಿಕ್ಕೇ ಇರಲ್ಲ, ಲಿಫ್ಟ್ ಮೇಲೆ ಸಮ ನಿಲ್ಸಿ ಇಂಜಿನ್ ಓಡ್ತಿರೋವಾಗ ಕಂಪನಿ ಹೇಳಿರೋ ಟೆಂಪರೇಚರ್‌ಗೆ ಚೆಕ್ ಪ್ಲಗ್ ಬಿಚ್ಚಿ ನೋಡ್ಬೇಕು. ಕೆಂಪಗಿದ್ರೆ ಸರಿ, ಕಪ್ಪಗಾಗಿ ಸುಟ್ಟ ವಾಸನೆ ಬಂದ್ರೆ ಪ್ಲೇಟ್ ಸುಟ್ಟಿದಾವೆ. ಗುಲಾಬಿ ಹಾಲಿನ ಥರ ಇದ್ರೆ ರೇಡಿಯೇಟರ್ ಒಳಗಿನ, ಈ ಆಯಿಲ್ ತಣ್ಣಗೆ ಮಾಡೋ ಕೂಲರ್ ಒಡೆದು ಕೂಲೆಂಟ್ ಸೇರೈತೆ, ಆಗ ಗಾಡಿ ಒಂದಡಿನೂ ಓಡಿಸ್ಬೇಡ್ರಿ. ಗೇರ್‌ಬಾಕ್ಸ್ ತಳದ ಆಯಿಲ್ ಪ್ಯಾನ್ ಬಿಚ್ಚಿದಾಗ ಅದರೊಳಗಿನ ಮ್ಯಾಗ್ನೆಟ್ ಮೇಲೆ ಬೂದಿ ಥರ ನುಣ್ಣಗೆ ಇದ್ರೆ ಮಾಮೂಲಿ, ಚೂರು ಚೂರು ಲೋಹ ಸಿಕ್ರೆ ಆಗ ಬಾಕ್ಸ್ ಇಳಿಸೋ ಮಾತು. ಸ್ಕ್ಯಾನರ್ ಹಾಕ್ಸಿ ಗಾಡಿ ಕಂಪ್ಯೂಟರ್ ತೋರ್ಸೋ ತೊಂದ್ರೆ ಕೋಡ್ ಬರ್ಕೊಳ್ಳಿ, ಪಿ0700 ಅನ್ನೋದು ಬರೀ ಗೇರ್‌ಬಾಕ್ಸ್ ಕಡೆ ತೊಂದ್ರೆ ಐತೆ ಅನ್ನೋ ಸೂಚನೆ, ಜೊತೆಗೆ ಪಿ0741 ಬಂದ್ರೆ ಟಾರ್ಕ್ ಕನ್ವರ್ಟರ್ (ಇಂಜಿನ್ ಶಕ್ತೀನ ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸೋ ಭಾಗ) ಲಾಕ್ ಆಗ್ತಿಲ್ಲ ಅಂತ. ಆಮೇಲೆ, ಎಷ್ಟು ಚೀಲ ಹಾಕ್ತೀರಿ?

ಹೊಳಲ್ಕೆರೆ ತೋಟದವ:
ಹತ್ತು ಹನ್ನೆರಡು.

ಗ್ರೀಸ್ ಕೈ, ದಾವಣಗೆರೆ:
ಚೀಲ 65 ಕೆಜಿ ಅಂದ್ರೂ ಹನ್ನೆರಡಕ್ಕೆ 780 ಕೆಜಿ! ಲೋಡ್ ಲಿಮಿಟ್ ಎಷ್ಟು ಅಂತ ಗಾಡಿ ಪುಸ್ತಕ ತೆಗೆದು ನೋಡ್ರಿ ಸಾಮಿ, ಗೇರ್‌ಬಾಕ್ಸಿಗೆ ಬೈಯೋಕೆ ಮುಂಚೆ.

ಮುರುಘಾ ರೋಡ್:
ಜಾರ್ತಿದ್ದಾಗ ಜೋರಾಗಿ ಆಕ್ಸಿಲರೇಟರ್ ಒತ್ಬೇಡಿ ಸರ್, ಪ್ಲೇಟ್ ಇನ್ನೂ ಸುಡ್ತವೆ. ರೋಡಲ್ಲಿ ನಿಂತೋದ್ರೆ ಹಗ್ಗ ಕಟ್ಟಿ ಎಳೆಸ್ಬೇಡಿ, ಇಂಜಿನ್ ಆಫ್ ಇದ್ರೆ ಪಂಪ್ ತಿರುಗಲ್ಲ, ಒಳಗೆ ಆಯಿಲ್ ಸಿಗಲ್ಲ, ಗಾಡೀನ ಮೇಲೆ ಹೊತ್ಕೊಂಡು ಹೋಗೋ ಫ್ಲಾಟ್‌ಬೆಡ್ಡೇ ಕರೆಸಿ. ಇಳಿಜಾರಲ್ಲಿ ಡೀಸೆಲ್ ಉಳಿಸ್ತೀನಿ ಅಂತ ನ್ಯೂಟ್ರಲ್ ಹಾಕೋದೂ ಬೇಡ.

ಹೊಳಲ್ಕೆರೆ ತೋಟದವ:
ಹನ್ನೊಂದು ದಿನ ಆದ್ಮೇಲೆ ಬರೀತಿದೀನಿ. ದಾವಣಗೆರೆಗೆ ತಗೊಂಡೋಗಿ ನೋಡಿಸ್ದೆ, ಕೂಲರ್ ಪೈಪಿನ ಜಾಯಿಂಟಲ್ಲಿ ಆಯಿಲ್ ಒಸರ್ತಿತ್ತು, ಮಣ್ಣು ಮೆತ್ಕೊಂಡು ಗೊತ್ತೇ ಆಗ್ತಿರಲಿಲ್ಲ. ಒಂದೂವರೆ ಲೀಟ್ರು ಕಮ್ಮಿ ಇತ್ತು. ಇದ್ದದ್ದೂ ಕೆಂಪಲ್ಲ, ಕಾಫಿ ಬಣ್ಣ, ಸ್ವಲ್ಪ ಸುಟ್ಟ ವಾಸನೆ. ಮ್ಯಾಗ್ನೆಟ್ಟಲ್ಲಿ ಬರೀ ಬೂದಿ, ಚೂರಿಲ್ಲ. ಪೈಪ್, ಫಿಲ್ಟರ್, ಗ್ಯಾಸ್ಕೆಟ್ ಹೊಸದು ಹಾಕ್ಸಿ ಆಯಿಲ್ ಇಳಿಸಿ ತುಂಬ್ಸಿದ್ರು, ಒಂದ್ಸಲಕ್ಕೆ ಎಲ್ಲಾ ಹೋಗಲ್ಲ ಕನ್ವರ್ಟರಲ್ಲಿ ಉಳೀತದೆ ಅಂತ ಮಧ್ಯ ನೂರು ಕಿ.ಮೀ. ಓಡಿಸ್ಕೊಂಡು ಬಾ ಅಂದು ಎರಡನೇ ಸಲನೂ ಮಾಡಿದ್ರು. ಹೋದ ನೆಪಕ್ಕೆ ಬೆಣ್ಣೆ ದೋಸೆನೂ ಆಯ್ತು. ಈಗ ಡಿಗೆ ಹಾಕಿದ ತಕ್ಷಣ ಹಿಡೀತದೆ, ದಿಬ್ಬದಲ್ಲಿ ಜಾರಲ್ಲ. ಎರಡ್ರಿಂದ ಮೂರಕ್ಕೆ ಬೀಳೋವಾಗ ಸಣ್ಣ ಜರ್ಕ್ ಮಾತ್ರ ಹಂಗೇ ಐತೆ, ಪ್ಲೇಟು ಸ್ವಲ್ಪ ತಿಂದಿರ್ಬೇಕು, ಆದ್ರೆ ಓಡಿಸ್ಬಹುದು ಅಂದ್ರು. ಗಾಡಿ ಪುಸ್ತಕನೂ ನೋಡ್ದೆ ಗ್ರೀಸ್ ಕೈ ಅಣ್ಣಾ, ಈಗ ಮೂರೇ ಚೀಲ, ಉಳಿದಿದ್ದು ತಮ್ಮನ ಟ್ರ್ಯಾಕ್ಟರಲ್ಲಿ.